ಎರಡನೆಯ ಚಿತ್ರದಲ್ಲಿ ಅವಳೆಲ್ಲಿ

ಹೋದ ತಿಂಗಳು ಆರ್.ಟಿ. ನಗರದ ಒಂದು ಸಣ್ಣ ಸಭಾಂಗಣದಲ್ಲಿ ನಮ್ಮ ಬೀದಿಯವರ ಮಗಳ ಸೀಮಂತವಿತ್ತು. ಬಾಗಿಲು ದಾಟುತ್ತಿದ್ದ ಹಾಗೇ ಮಳೆಗೆ ನೆನೆದ ನಾರಿನ ಚಾಪೆಯ ವಾಸನೆ, ಅದರ ಜೊತೆಗೆ ಫಿನಾಯಿಲ್, ಎರಡೂ ಒಟ್ಟಿಗೆ ಮೂಗಿಗೆ ಬಡಿದವು. ನನ್ನ ಹಿಂದೆಯೇ ಬರುತ್ತಿದ್ದ ಸೊಸೆ ವಸುಧಾ ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಅತ್ತಿ, ನೀವು ಒಳಗ ಹೋಗಿ ಬರ್ರಿ. ನಾ ಇಲ್ಲೇ ನಿಂದರ್ತೀನಿ."

ಯಾಕೆ ಅಂತ ನಾನು ಕೇಳಲಿಲ್ಲ. ಒಳಗೆ ಹೋಗಿ ಹುಡುಗಿಗೆ ಅಕ್ಷತೆ ಹಾಕಿದೆ, ಊಟಕ್ಕೆ ಕೂರಲಿಲ್ಲ, ತಾಂಬೂಲ ತೆಗೆದುಕೊಂಡು ಹೊರಗೆ ಬಂದೆ. ಇಬ್ಬರೂ ಗಂಗಾನಗರದವರೆಗೆ ನಡೆದೆವು. ಆ ವಾಸನೆ ನಮ್ಮಿಬ್ಬರನ್ನೂ ಒಂದೇ ಮಳೆಗಾಲಕ್ಕೆ ಎಳೆದುಕೊಂಡು ಹೋಗಿತ್ತು. ನನ್ನ ಮಗ ಕಿರಣ ಮನೆ ಬಿಟ್ಟುಹೋದ ಮಳೆಗಾಲ ಅದು.

ನಾನು ಜಾಲಹಳ್ಳಿಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತಳಾದವಳು. ನನ್ನ ಯಜಮಾನರು ಅಲ್ಲೇ ಕಾರ್ಖಾನೆಯಲ್ಲಿದ್ದರು. ಅವರು ತೀರಿಕೊಂಡ ಮೇಲೆ ಕ್ವಾರ್ಟರ್ಸ್ ಬಿಟ್ಟು ಗಂಗಾನಗರದ ನಮ್ಮ ಸ್ವಂತ ಮನೆಗೆ ಬಂದೆವು. ಕಿರಣನಿಗೂ ಒಂದು ಕಾರ್ಖಾನೆಯಲ್ಲೇ ಕೆಲಸ, ಆದರೆ ಮನಸ್ಸೆಲ್ಲ ಗಿಟಾರಿನ ಮೇಲೆ. ಜಕ್ಕೂರಿನ ಹಳೇ ಊರಿನೊಳಗೆ ಯಾರದೋ ಶೀಟಿನ ಮನೆ ಹಿಡಿದು, ಮೂವರು ಗೆಳೆಯರ ಜೊತೆ ಬ್ಯಾಂಡ್ ಕಟ್ಟಿಕೊಂಡಿದ್ದ. ಭಾನುವಾರ ಬಂತೆಂದರೆ ಅಲ್ಲೇ. ವಸುಧಾ ಹುಬ್ಬಳ್ಳಿಯ ಹುಡುಗಿ, ಹೆಬ್ಬಾಳದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಬೆಂಗಳೂರಿಗೆ ಬಂದು ಎಷ್ಟೋ ವರ್ಷವಾಗಿ ಹೊರಗೆಲ್ಲ ನಮ್ಮ ಹಾಗೇ ಮಾತಾಡುತ್ತಾಳೆ. ಮನೆಯಲ್ಲಿ, ಅದರಲ್ಲೂ ಮನಸ್ಸು ಕಲಕಿದಾಗ, ಅವಳೂರಿನ ಮಾತೇ ಬರುತ್ತದೆ. ಅವರ ಮಗಳು ಆದ್ಯಾ ಆಗಷ್ಟೇ ಎಲ್‌ಕೆಜಿ ಮುಗಿಸಿದ್ದಳು.

ಮೇ ತಿಂಗಳ ಕೊನೆಗೆ ಕಿರಣ ಮುಂಬೈಯಲ್ಲಿ ಶೋ ಇದೆ, ಎರಡು ವಾರದಲ್ಲಿ ಬರ್ತೀನಿ ಅಂತ ಹೇಳಿ ಹೋದ. ಜಗಳವಾಗಿರಲಿಲ್ಲ. ಅದನ್ನು ನಾನು ಒತ್ತಿ ಹೇಳಬೇಕು, ಯಾಕೆಂದರೆ ಎಲ್ಲರೂ ಮೊದಲು ಕೇಳುವುದು ಅದನ್ನೇ. ಹೋಗುವ ದಿನ ಬೆಳಿಗ್ಗೆ ಮಗಳ ಶೂಗೆ ಪಾಲಿಶ್ ಹಾಕಿದ, ನಾನು ಮಾಡಿದ ಅಕ್ಕಿರೊಟ್ಟಿ ಇನ್ನೊಂದು ಹಾಕಿಸಿಕೊಂಡು ತಿಂದ. ಮೊದಲು ದಿನಾ ಫೋನ್ ಬರುತ್ತಿತ್ತು, ಆಮೇಲೆ ಬರೀ ಮೆಸೇಜು, ಆಮೇಲೆ ಅದೂ ಇಲ್ಲ. ಜೂನ್ ಮುಗಿಯುವ ಹೊತ್ತಿಗೆ ಅವನ ಫೋನ್ ಸ್ವಿಚ್ ಆಫ್ ಆಯಿತು. ಜೊತೆಗೆ ಹೋದವರಲ್ಲಿ ಡ್ರಮ್ಸ್ ಬಾರಿಸುವ ವಿನೋದ್ ವಾಪಸ್ಸು ಬಂದ. ನಮ್ಮ ಮನೆ ವೆರಾಂಡದಲ್ಲಿ ಚಪ್ಪಲಿ ಕೂಡ ಬಿಡದೆ ನಿಂತುಕೊಂಡು ಹೇಳಿದ.

"ಆಂಟಿ, ನಮ್ ಬ್ಯಾಂಡ್ ಅಲ್ಲೇ ಒಡೆದುಹೋಯ್ತು. ಅವ್ನು ಬೇರೆ ಯಾರೋ ಜೊತೆ ಸೇರ್ಕೊಂಡ. ಮನೆಗೆ ಹೋಗೋಣ ಬಾ ಮಗಾ ಅಂತ ಎಷ್ಟ್ ಕರೆದೆ ಗೊತ್ತಾ. ನೀನು ಹೋಗು, ನಾನು ಆಮೇಲೆ ಬರ್ತೀನಿ ಅಂದ."

"ಯಾರ ಜೊತೆ? ಎಲ್ಲಿದ್ದಾನೆ ಈಗ?"

"ನಿಜವಾಗ್ಲೂ ಗೊತ್ತಿಲ್ಲ ಆಂಟಿ."

ಪೊಲೀಸರಿಗೂ ದೂರು ಕೊಡಲು ಹೋದೆವು. ಬರೆದುಕೊಂಡವರು ಒಳ್ಳೆಯವರೇ, ಕುರ್ಚಿ ಕೊಟ್ಟು ಕೂರಿಸಿದರು. "ನಿಮ್ಮ ಮಗ ಚಿಕ್ಕ ಮಗು ಅಲ್ಲಮ್ಮ. ತಾನಾಗೇ ಇಷ್ಟಪಟ್ಟು ಹೋದವರನ್ನ ನಾವು ಹೇಗೆ ಎಳ್ಕೊಂಡು ಬರೋದು?" ಅಂದರು. ವಸುಧಾ ತಲೆ ತಗ್ಗಿಸಿ ಕೂತಿದ್ದಳು. ಇಷ್ಟಪಟ್ಟು ಅನ್ನುವ ಆ ಪದ ಅವಳನ್ನು ಎಲ್ಲಿ ಚುಚ್ಚಿತು ಅಂತ ನನಗೆ ಕಾಣುತ್ತಿತ್ತು.

ಇದೇ ಹೊತ್ತಿಗೆ ನಮ್ಮ ಫಿಲ್ಮ್ ಸೊಸೈಟಿಯ ಕಾರ್ಯದರ್ಶಿ ಶ್ರೀಪತಿರಾಯರು ಮನೆಗೆ ಬಂದರು. ತಿಂಗಳಿಗೊಂದು ಪರದೇಶದ ಚಿತ್ರ ತೋರಿಸುವ ಸೊಸೈಟಿ, ಆರ್.ಟಿ. ನಗರದ ಅದೇ ಸಭಾಂಗಣದಲ್ಲಿ. ಇರುವ ಸದಸ್ಯರೆಲ್ಲ ಹೆಚ್ಚುಕಡಿಮೆ ನನ್ನ ವಯಸ್ಸಿನವರು. ರಾಯರು ಎರಡು ಹಳೇ ಬ್ರಿಟಿಷ್ ಚಿತ್ರ ಗೊತ್ತು ಮಾಡಿದ್ದರು. ಒಂದು ರಾಕ್ ಅಂಡ್ ರೋಲ್ ಹಾಡುಗಾರನ ಕಥೆ, ಇನ್ನೊಂದು ಅದರ ಮುಂದುವರಿದ ಭಾಗ. "ಆ ಬ್ರಿಟಿಷರ ಇಂಗ್ಲಿಷು ನಮ್ಮವರಿಗೆ ಅರ್ಥವಾಗಲ್ಲ ಮೇಡಂ. ಮೊದಲನೇದಕ್ಕೆ ನೀವು ಪೀಠಿಕೆ ಹೇಳಿ. ಎರಡನೇದು ಆದ್ಮೇಲೆ ಎರಡನ್ನೂ ಹೋಲಿಸಿ ಒಂದಿಷ್ಟು ಮಾತಾಡಿ," ಅಂದರು. ಕಿರಣನ ವಿಷಯ ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಮನೆಯಲ್ಲಿ ಆ ಫೋನು ನೋಡುತ್ತಾ ಕೂರುವುದರ ಬದಲು ಏನಾದರೊಂದು ಕೆಲಸ ಸಿಕ್ಕಿದರೆ ಸಾಕಾಗಿತ್ತು. ಒಪ್ಪಿಕೊಂಡೆ.

ಮೊದಲ ಚಿತ್ರವನ್ನು ಒಂದು ಮಧ್ಯಾಹ್ನ ಮನೆಯಲ್ಲೇ ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡೆ. ಹೊರಗೆ ಜಿಟಿಜಿಟಿ ಮಳೆ, ಒಣಗದ ಬಟ್ಟೆಯೆಲ್ಲ ನಡುಮನೆಯ ಹಗ್ಗದ ಮೇಲೆ. ವಸುಧಾಗೆ ಅವತ್ತು ರಜೆ, ಬಟ್ಟೆ ಮಡಚುತ್ತಾ ಪಕ್ಕದಲ್ಲಿ ಕೂತಳು.

ಸಮುದ್ರದ ದಂಡೆಯ ಒಂದು ಸಣ್ಣ ಊರು. ಬ್ರೆಡ್ಡಿನ ವ್ಯಾನ್ ಓಡಿಸುವ ಹುಡುಗ. ಹೆಂಡತಿ, ಕೈಕೂಸು, ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ತಾಯಿ. ಶನಿವಾರ ಊರಿನ ಹಾಲ್‌ನಲ್ಲಿ ಅವನು ಗಿಟಾರು ಹಿಡಿದು ಹಾಡಿದರೆ ಹುಡುಗಿಯರು ಬೆಂಚು ಹತ್ತಿ ಕುಣಿಯುತ್ತಾರೆ. ಹೆಂಡತಿಯೂ ಮೊದಲ ಸಾಲಿನಲ್ಲಿ, ಮಗು ಸೊಂಟದ ಮೇಲೆ. ಆ ನಟಿಯ ಮುಂದಿನ ಹಲ್ಲುಗಳ ನಡುವೆ ಒಂದು ಸಣ್ಣ ಸಂದಿ ಇತ್ತು, ನಕ್ಕರೆ ಬಹಳ ಚೆನ್ನಾಗಿ ಕಾಣುತ್ತಿದ್ದಳು. ಕೊನೆಗೆ ಒಂದು ಬೆಳಿಗ್ಗೆ ಮಗುವಿಗೆ ಹಾಲು ತರುತ್ತೇನೆಂದು ಕೋಟು ಹಾಕಿಕೊಂಡು ಹೊರಟವನು, ತಿರುವಿನಲ್ಲಿ ನಿಂತಿದ್ದ ಬ್ಯಾಂಡಿನವರ ವ್ಯಾನು ಹತ್ತಿಬಿಡುತ್ತಾನೆ. ಹಾಡು ಶುರುವಾಗುತ್ತದೆ, ಎದುರಿಗೆ ಉದ್ದನೆಯ ರಸ್ತೆ, ಅವನ ಮುಖದ ಮೇಲೆ ಬಿಸಿಲು. ಚಿತ್ರ ಮುಗಿಯುತ್ತದೆ.

ವಸುಧಾಳ ಕೈಯಲ್ಲಿ ಆದ್ಯಾಳ ಒಂದು ಫ್ರಾಕು ಹಾಗೇ ಉಳಿದಿತ್ತು.

"ಇಷ್ಟಽನ ಅತ್ತಿ?"

"ಇದರ ಮುಂದಿನ ಭಾಗ ಇದೆಯಮ್ಮ. ಮುಂದಿನ ತಿಂಗಳು ತೋರಿಸ್ತಾರೆ."

"ಅದರಾಗ ವಾಪಸ್ ಬರ್ತಾನೇನ್ರಿ?"

ನಾನು ಅದನ್ನಿನ್ನೂ ನೋಡಿರಲಿಲ್ಲ. ಗೊತ್ತಿಲ್ಲ ಅಂದೆ. "ನೋಡೂಣಂತ," ಅಂದಳು. ಆ ಮಾತಿನಲ್ಲಿ ಇದ್ದ ಆಸೆ ಕೇಳಿ ನನಗೆ ಹೆದರಿಕೆಯಾಯಿತು. ಎಲ್ಲಿಯದೋ ಊರಿನ, ಯಾರೋ ಬರೆದ ಕಥೆಯ ಮೇಲೆ ಅವಳು ತನ್ನ ಗಂಡ ಬರುವ ನಂಬಿಕೆಯನ್ನು ಇಟ್ಟುಬಿಟ್ಟಳಲ್ಲ ಅಂತ. ನಿಜ ಹೇಳಬೇಕೆಂದರೆ ನಾನೂ ಇಟ್ಟಿದ್ದೆ. ರಾಯರು ಎರಡೂ ಚಿತ್ರ ಒಟ್ಟಿಗೇ ಕೊಟ್ಟಿದ್ದರು, ಎರಡನೆಯದನ್ನು ಅವತ್ತೇ ನೋಡಬಹುದಿತ್ತು. ಕೈ ಬರಲಿಲ್ಲ.

ಆ ವಾರ ಸಭಾಂಗಣದಲ್ಲಿ ಮೊದಲ ಚಿತ್ರಕ್ಕೆ ಪೀಠಿಕೆ ಹೇಳಿ ಬಂದೆ. ಆಮೇಲಿನ ಒಂದು ತಿಂಗಳು ಹೇಗೆ ಕಳೆಯಿತೋ. ವಸುಧಾ ಕೆಲಸಕ್ಕೆ ಹೋಗುತ್ತಿದ್ದಳು, ಬರುತ್ತಿದ್ದಳು, ಮಗುವಿಗೆ ಜಡೆ ಹಾಕುತ್ತಿದ್ದಳು. ಸ್ನಾನಕ್ಕೆ ಹೋಗುವಾಗಲೂ ಫೋನು ತೆಗೆದುಕೊಂಡು ಹೋಗಿ ಕಿಟಕಿಯ ಮೇಲಿಡುತ್ತಿದ್ದಳು. ಹುಬ್ಬಳ್ಳಿಯಿಂದ ಅವಳಮ್ಮ ಕರೆದರೂ ಹೋಗಲಿಲ್ಲ. "ನಾ ಅಲ್ಲಿಗೆ ಹೋದಾಗ ಇವರು ಇಲ್ಲಿಗೆ ಬಂದ್ರ?" ಅನ್ನುತ್ತಿದ್ದಳು. ಆದ್ಯಾ ದಿನಾ ಕೇಳುತ್ತಿದ್ದಳು, ನಾವಿಬ್ಬರೂ ಒಂದೇ ಉತ್ತರ ಕೊಡುತ್ತಿದ್ದೆವು: ಅಪ್ಪ ಶೋಗೆ ಹೋಗಿದ್ದಾರೆ, ಬರ್ತಾರೆ. ಮಗು ಸ್ಕೂಲಿನಲ್ಲೂ ಹಾಗೇ ಹೇಳಿಕೊಂಡು ತಿರುಗುತ್ತಿತ್ತು.

ನನ್ನ ಸಂಕಟ ನಾನು ಯಾರಿಗೂ ಹೇಳುವ ಹಾಗಿರಲಿಲ್ಲ. ಅವಳ ಗಂಡ ಬಿಟ್ಟುಹೋದ, ಸರಿ. ಬಿಟ್ಟುಹೋದವನು ನಾನು ಹೆತ್ತ ಮಗ. ಅವನನ್ನು ಬೈದರೆ ನನ್ನ ಕರುಳೇ ಕುಯ್ದ ಹಾಗೆ, ಬೈಯದಿದ್ದರೆ ಅವಳ ಮುಖ ನೋಡಲಾಗದು. ದೇವರ ಮುಂದೆ ನಿಂತರೆ ಏನು ಕೇಳಬೇಕೋ ತಿಳಿಯದೆ ದೀಪ ಹಚ್ಚಿ ಸುಮ್ಮನೆ ಬರುತ್ತಿದ್ದೆ.

ಆಗಸ್ಟಿನಲ್ಲಿ ಎರಡನೆಯ ಚಿತ್ರ. ಅವತ್ತು ಸಂಜೆ ಜೋರು ಮಳೆ, ಸಭಾಂಗಣದ ಬಾಗಿಲಿನಿಂದ ನೀರು ನುಗ್ಗಿ ನಾರಿನ ಚಾಪೆಯೆಲ್ಲ ತೊಯ್ದಿತ್ತು. ಕಾವಲುಗಾರ ಅದರ ಮೇಲೇ ಫಿನಾಯಿಲ್ ಸುರಿದಿದ್ದ. ಮಗುವನ್ನು ಪಕ್ಕದ ಮನೆಯ ಶಾರದಮ್ಮನ ಹತ್ತಿರ ಬಿಟ್ಟು ವಸುಧಾಳೂ ಬಂದಿದ್ದಳು. ಬೇಡ ಅಂದರೆ ಕೇಳಿರಲಿಲ್ಲ.

ಮೊದಲನೆಯದು ಬೆಚ್ಚಗಿನ ಚಿತ್ರವಾಗಿತ್ತು. ಸಣ್ಣ ಅಡುಗೆಮನೆಗಳು, ಇಕ್ಕಟ್ಟಾದ ಬೀದಿ, ಎಲ್ಲರ ಮುಖವೂ ಹತ್ತಿರದಿಂದ ಕಾಣುತ್ತಿತ್ತು. ಎರಡನೆಯದು ದೊಡ್ಡದು. ವಿಮಾನ ನಿಲ್ದಾಣ, ಕಿರುಚುವ ಜನ, ಫ್ಲ್ಯಾಶ್ ಬೆಳಕು. ಮೊದಲನೆಯದರಲ್ಲಿ ಅವನು ಹಾಡಿದ್ದೆಲ್ಲ ಆ ಹಾಲ್‌ನೊಳಗೇ, ಬೆವರಿನ ವಾಸನೆ ಬರುವ ಹಾಗೆ. ಇಲ್ಲಿ ಹಾಡು ಯಂತ್ರದೊಳಗಿಂದ ಬರುತ್ತದೆ, ಅವನು ಗಾಜಿನ ಆಚೆ ಬಾಯಿ ಆಡಿಸುತ್ತಿರುತ್ತಾನೆ. ಬರಬರುತ್ತಾ ಅವನ ಮಾತು ಕಡಿಮೆಯಾಗುತ್ತದೆ, ಕ್ಯಾಮರಾ ದೂರ ಸರಿಯುತ್ತದೆ. ತಾಯಿ ಸತ್ತಾಗ ಕಪ್ಪು ಕಾರಿನಲ್ಲಿ ಊರಿಗೆ ಬರುತ್ತಾನೆ. ಅಲ್ಲಿ ಸಮಾಧಿಯ ಹತ್ತಿರ ತಲೆಗೆ ಸ್ಕಾರ್ಫ್ ಕಟ್ಟಿಕೊಂಡ ಒಬ್ಬ ಹೆಂಗಸು ಅವನನ್ನೇ ನೋಡುತ್ತಾ ನಿಂತಿರುತ್ತಾಳೆ.

"ಯಾರ್ರಿ ಇಕಿ?" ವಸುಧಾ ನನ್ನ ಕಿವಿಯಲ್ಲಿ ಕೇಳಿದಳು.

"ಅವನ ಹೆಂಡತಿ."

"ಅಲ್ರಿ. ಇಕಿ ಅಕಿ ಅಲ್ಲ."

ನಿಜ. ನಟಿಯನ್ನು ಬದಲಾಯಿಸಿಬಿಟ್ಟಿದ್ದರು. ಹಲ್ಲಿನ ಸಂದಿಯ ಆ ಹುಡುಗಿ ಇರಲಿಲ್ಲ. ಇವಳು ಬೇರೆ ಯಾರೋ, ಅದೂ ಆ ಒಂದೇ ದೃಶ್ಯದಲ್ಲಿ. ಎರಡು ಮಾತಾಡಿ ಹೊರಟುಹೋದಳು. ಅದಾದ ಮೇಲೆ ಕಥೆಯೆಲ್ಲ ಅವನದೇ. ಕೊನೆಗೆ ಒಂದು ದೊಡ್ಡ ಬಂಗಲೆಯಲ್ಲಿ ಒಬ್ಬನೇ ಕುಡಿದು, ಮಾತ್ರೆ ನುಂಗಿ ಸಾಯುತ್ತಾನೆ. ಊರಿನ ಮನೆಯಲ್ಲಿ ಫೋನ್ ಬಡಿದುಕೊಳ್ಳುತ್ತದೆ, ಒಂದು ಕೈ ಅದನ್ನು ಎತ್ತಿಕೊಳ್ಳುತ್ತದೆ. ಬರೀ ಕೈ.

ದೀಪ ಹಾಕಿದರು. ನಾನು ಎದ್ದು ಮುಂದೆ ಹೋಗಬೇಕಿತ್ತು. ವಸುಧಾಳ ಕಡೆ ನೋಡಿದೆ. ಅವಳು ಅಳುತ್ತಿರಲಿಲ್ಲ.

"ಅಕಿಗೆ ಗೊತ್ತಾದ್ರೂ ಆತಲ್ರಿ ಅತ್ತಿ," ಅಂದಳು.

ಏನು ಮಾತಾಡಿದೆನೋ ಈಗ ಸರಿಯಾಗಿ ನೆನಪಿಲ್ಲ. ಮೊದಲನೆಯದು ಆಸೆಯ ಚಿತ್ರ, ಎರಡನೆಯದು ಆ ಆಸೆಗೆ ತೆತ್ತ ಬೆಲೆಯ ಚಿತ್ರ, ಹೀಗೆ ಏನೋ ಶುರುಮಾಡಿದ್ದೆ. ಹಿಂದಿನ ಸಾಲಿನಿಂದ ಒಬ್ಬ ಹಿರಿಯರು, "ಕಲಾವಿದರು ಅಂದ್ರೆ ಹಾಗೇ ಮೇಡಂ, ಅವರನ್ನ ಮನೇಲಿ ಕಟ್ಟಿಹಾಕೋಕಾಗತ್ತಾ? ಅವನು ಅವತ್ತು ವ್ಯಾನ್ ಹತ್ತದೇ ಇದ್ದಿದ್ರೆ ಕಥೆಯೇ ಇರ್ತಿರಲಿಲ್ಲ," ಅಂದರು. ನಾಲ್ಕಾರು ಜನ ತಲೆದೂಗಿದರು.

ಆಗ ವಸುಧಾ ಎದ್ದು ನಿಂತಳು. ಅಪರಿಚಿತರ ಎದುರು ಎಂದೂ ಗಟ್ಟಿಯಾಗಿ ಮಾತಾಡಿದವಳಲ್ಲ.

"ಸರ್, ಹಾಲು ತರ್ತೀನಿ ಅಂತ ಹೋದ್ರಲ್ಲ ಅವರು. ಅವತ್ತು ಆ ಮಗುವಿಗೆ ಹಾಲು ಯಾರು ತಂದ್ರು?"

ಹಿರಿಯರು ನಗಲು ನೋಡಿದರು. ಯಾರೂ ಜೊತೆಗೂಡಲಿಲ್ಲ. "ಆಮೇಲೆ ಎಷ್ಟೋ ವರ್ಷ ಅಕಿ ಏನ್ ಮಾಡಿದ್ಳು? ಅದನ್ನ ಎರಡರಾಗೂ ಯಾಕ ತೋರಿಸ್ಲಿಲ್ಲ?" ಅಂತ ಕೇಳಿ, ಉತ್ತರಕ್ಕೆ ಕಾಯದೆ ಕೊಡೆ ತೆಗೆದುಕೊಂಡು ಹೊರಗೆ ಹೋದಳು. ರಾಯರು ನನ್ನ ಮುಖ ನೋಡಿದರು. ಕ್ಷಮಿಸಿ ಅಂತ ಹೇಳಿ ಅವಳ ಹಿಂದೆ ಓಡಿದೆ.

ಮಾರನೆಯ ದಿನ ಅವಳು ಎಂದಿನ ಹಾಗೆ ಡಬ್ಬಿ ಕಟ್ಟಿಕೊಂಡು ಲ್ಯಾಬಿಗೆ ಹೊರಟಳು. ಹನ್ನೊಂದರ ಸುಮಾರಿಗೆ ಲ್ಯಾಬಿನಿಂದ ಫೋನ್ ಬಂತು, ವಸುಧಾ ಮೇಡಂ ಇವತ್ತು ಬರಲ್ವಾ ಅಂತ. ಅವಳ ಫೋನಿಗೆ ಮಾಡಿದರೆ ರಿಂಗ್ ಆಗುತ್ತದೆ, ಎತ್ತುತ್ತಿಲ್ಲ. ಶಾರದಮ್ಮನಿಗೆ ಮಗುವನ್ನು ಸ್ಕೂಲಿನಿಂದ ಕರೆದುಕೊಂಡು ಬರಲು ಹೇಳಿ ಆಟೋ ಹತ್ತಿದೆ. "ಎಲ್ಲಿಗಮ್ಮಾ?" ಅಂತ ಆಟೋದವನು ಕೇಳಿದಾಗ ನನ್ನ ಬಾಯಿಗೆ ಬಂದದ್ದು ಜಕ್ಕೂರು ಕೆರೆ.

ಯಾಕೆ ಕೆರೆ ಅಂದೆ ಅಂತ ಹೇಳಬೇಕಾಗಿಲ್ಲ. ಹೆಬ್ಬಾಳದ ಫ್ಲೈಓವರ್ ಮೇಲೆ ವಾಹನ ಕದಲುತ್ತಿರಲಿಲ್ಲ. ನಾನು ಸೀಟಿನ ತುದಿಯಲ್ಲಿ ಕೂತು ಅವಳ ನಂಬರಿಗೆ ಮತ್ತೆ ಮತ್ತೆ ಮಾಡುತ್ತಿದ್ದೆ. ಮೊದಲು ಆ ಶೀಟಿನ ಮನೆಗೆ ಹೋದೆ. ಬಾಗಿಲು ತೆರೆದಿತ್ತು, ಒಳಗೆ ನೀರಿನ ಕ್ಯಾನುಗಳನ್ನು ಪೇರಿಸಿದ್ದರು. ಹೊರಗೆ ಕೂತಿದ್ದ ಮುದುಕಿಯನ್ನು ಕೇಳಿದೆ. "ಬಾಡ್ಗೆ ಬಿಟ್ಟೋಗಿ ಬೋ ದಿನ ಆಯ್ತು ಕಣವ್ವ. ಇಂಗೇ ಒಬ್ಳು ಎಣ್ಮಗ್ಳೂ ಓದ್ ತಿಂಗ್ಳು ಬಂದು ಕೇಳ್ಕೊಂಡ್ ಓದ್ಲು," ಅಂದಳು. ವಸುಧಾ ಇಲ್ಲಿಗೂ ಬಂದಿದ್ದಳು ಅನ್ನುವುದು ನನಗೆ ಗೊತ್ತೇ ಇರಲಿಲ್ಲ.

ಕೆರೆಯ ಏರಿಯ ಮೇಲೆ ಚಪ್ಪಲಿ ಕೆಸರಿನಲ್ಲಿ ಕಚ್ಚಿಕೊಳ್ಳುತ್ತಿತ್ತು. ನೀರು ಅಂಚಿನವರೆಗೆ ತುಂಬಿತ್ತು. ನೀಲಿ ಸೀರೆಯ ಹೆಂಗಸನ್ನು ನೋಡಿದಿರಾ ಅಂತ ವಾಕಿಂಗ್ ಬಂದವರನ್ನು ಕೇಳಿದೆ, ಮೀನು ಹಿಡಿಯುವವನನ್ನು ಕೇಳಿದೆ. ಅವನು ಗಾಳ ಬಿಟ್ಟು ಎದ್ದು ನಿಂತು ನನ್ನ ಮುಖವನ್ನೇ ನೋಡಿದ. ಅವನಿಗೆ ಅರ್ಥವಾಗಿಬಿಟ್ಟಿತ್ತು. "ಇಲ್ಲಮ್ಮ, ಬೆಳಿಗ್ಗೆಯಿಂದ ಇಲ್ಲೇ ಇದೀನಿ, ಯಾರೂ ಬಂದಿಲ್ಲ. ಕೂತ್ಕೊಳಿ, ನೀರು ಕುಡೀರಿ," ಅಂದ. ಕಿರಣಾ ಕಿರಣಾ ಅಂತ ನಾನು ಅಲ್ಲಿ ಅತ್ತೆ. ಹುಡುಕುತ್ತಿದ್ದದ್ದು ಸೊಸೆಯನ್ನು, ಬಾಯಲ್ಲಿ ಬರುತ್ತಿದ್ದದ್ದು ಮಗನ ಹೆಸರು.

ಆಗ ವಿನೋದನ ಫೋನ್ ಬಂತು. "ಆಂಟಿ, ವಸುಧಾ ಅಕ್ಕ ಈಗ ಫೋನ್ ಮಾಡಿದ್ರು. ಮುಂಬೈಲಿ ನಾವು ಉಳ್ಕೊಂಡಿದ್ದ ಏರಿಯಾ ಯಾವ್ದು ಅಂತ ಕೇಳಿದ್ರು. ಹಿಂದ್ಗಡೆ ಯಶವಂತಪುರ ಸ್ಟೇಷನ್ ಅನೌನ್ಸ್‌ಮೆಂಟ್ ಕೇಳಿಸ್ತಿತ್ತು. ಬೇಗ ಹೋಗಿ ಆಂಟಿ."

ಯಶವಂತಪುರದಲ್ಲಿ ಅವಳು ಪ್ಲಾಟ್‌ಫಾರಂನ ಕೊನೆಯ ಬೆಂಚಿನ ಮೇಲಿದ್ದಳು. ತೊಡೆಯ ಮೇಲೆ ಊಟದ ಡಬ್ಬಿ, ಅದರ ಮೇಲೆ ಮಡಚಿದ ಬಿಳಿ ಕೋಟು. ನನ್ನನ್ನು ನೋಡಿ ಗಾಬರಿಯಾಗಲಿಲ್ಲ, ಪಕ್ಕಕ್ಕೆ ಸರಿದು ಜಾಗ ಕೊಟ್ಟಳು.

"ಎಲ್ಲಿಗೆ ಹೊರಟಿದ್ದೀಯಮ್ಮಾ?"

"ಹುಡುಕ್ಕೊಂಡ್ ಬರ್ತೀನ್ರಿ."

"ಅಷ್ಟು ದೊಡ್ಡ ಊರಲ್ಲಿ ಎಲ್ಲಿ ಅಂತ ಹುಡುಕ್ತೀಯ?"

"ಗೊತ್ತಿಲ್ರಿ." ಡಬ್ಬಿಯ ಮೇಲಿನ ಕೋಟನ್ನು ಸರಿಮಾಡಿಕೊಂಡು ಹೇಳಿದಳು, "ಸತ್ತಾರೋ ಬದುಕ್ಯಾರೋ ತಿಳೀಬೇಕ್ರಿ ಅತ್ತಿ. ಬ್ಯಾರೆಯಾಕಿ ಜೋಡಿ ಅದಾರ ಅಂದ್ರೂ ನಡೀತೈತಿ. ಹಿಂಗ ಇರಾಕ ಆಗವಲ್ದು."

ಮುಂಬೈ ಕಡೆಯ ರೈಲು ಬಂದು ನಿಂತಿತು. ಬೇಡ ಅಂತ ನಾನು ಹೇಳಲಿಲ್ಲ, ಕೈಯನ್ನೂ ಹಿಡಿಯಲಿಲ್ಲ. ಹೋಗುವುದಾದರೆ ನಾನೂ ಬರುತ್ತೇನೆ ಅಂತ ಮಾತ್ರ ಹೇಳಿದೆ. ಅವಳು ನನ್ನ ಕೆಸರು ಮೆತ್ತಿದ ಕಾಲುಗಳನ್ನು ನೋಡಿದಳು. ಸೀರೆಯ ಅಂಚು ಮೊಣಕಾಲಿನವರೆಗೆ ಒದ್ದೆ.

"ಎಲ್ಲಿಗೆ ಹೋಗಿದ್ರಿ ನೀವು?"

"ಜಕ್ಕೂರು ಕೆರೆಗೆ."

ವಸುಧಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. "ಇಲ್ರಿ ಅತ್ತಿ, ಹಂಗ ಮಾಡಾಕಿ ಅಲ್ರಿ ನಾ. ಆದ್ಯಾ ಅದಾಳಲ್ರಿ," ಅಂದಳು. ರೈಲು ಹೊರಟುಹೋಯಿತು. ನಾವು ಡಬ್ಬಿಯಲ್ಲಿದ್ದ ಚಪಾತಿಯನ್ನು ಅಲ್ಲೇ ಹಂಚಿಕೊಂಡು ತಿಂದು ಮನೆಗೆ ಬಂದೆವು.

ಅವನ ಫೋನ್ ಬಂದದ್ದು ನವರಾತ್ರಿಯಲ್ಲಿ, ಒಂದು ಮಧ್ಯಾಹ್ನ. ನಾನು ಉಸಲಿಗೆ ಒಗ್ಗರಣೆ ಹಾಕುತ್ತಿದ್ದೆ. ಗೊತ್ತಿಲ್ಲದ ನಂಬರು.

"ಅಮ್ಮಾ."

ಒಲೆ ಆರಿಸಿದೆ. ಅವನ ಹಿಂದೆ ತಟ್ಟೆ ಲೋಟದ ಸದ್ದು, ಯಾರೋ ಹಿಂದಿಯಲ್ಲಿ ಕೂಗುತ್ತಿದ್ದರು.

"ಚೆನ್ನಾಗಿದ್ದೀಯಾಮ್ಮಾ? ವಸು ಹತ್ರ ಹೇಳ್ಬೇಡ. ನಿನ್ ಜೊತೆ ಒಂದೈದು ನಿಮಿಷ ಮಾತಾಡ್ಬೇಕು ಅನ್ನಿಸ್ತು, ಅಷ್ಟೇ."

ನಾಲ್ಕು ತಿಂಗಳಿಂದ ಕೇಳಬೇಕೆಂದಿದ್ದ ಧ್ವನಿ. ಎಲ್ಲಿದ್ದೀಯ, ತಿಂತಿದ್ದೀಯಾ, ಯಾಕೋ ಹೀಗೆ ಮಾಡಿದೆ, ಎಲ್ಲ ಕೇಳುವುದಿತ್ತು. ನಾನು ಒಂದು ಮಾತಾಡಿದರೂ ಆ ಐದು ನಿಮಿಷ ನನ್ನದಾಗುತ್ತಿತ್ತು. ಅವನು ಮತ್ತೆಂದೋ ಇನ್ನೈದು ನಿಮಿಷ ಫೋನ್ ಮಾಡುತ್ತಿದ್ದ. ಅವಳು ಸ್ನಾನದ ಮನೆಯ ಕಿಟಕಿಯ ಮೇಲೆ ಫೋನಿಟ್ಟುಕೊಂಡು ಕಾಯುತ್ತಲೇ ಇರುತ್ತಿದ್ದಳು.

"ಇರು," ಅಂದೆ. ನಡುಮನೆಗೆ ಹೋಗಿ ಗೊಂಬೆಗಳ ಮುಂದೆ ಮಗುವಿನ ಜೊತೆ ಕೂತಿದ್ದ ವಸುಧಾಳ ಕೈಗೆ ಫೋನು ಕೊಟ್ಟೆ.

ಅವಳ ಮಾತು ಮಾತ್ರ ನನಗೆ ಕೇಳಿಸಿತು.

"ನಾನ್ರಿ." ಆಮೇಲೆ ಬಹಳ ಹೊತ್ತು ಸುಮ್ಮನೆ. "ಊಟ ಆತೇನ್ರಿ?" ಮಗುವಿನ ಪಕ್ಕದಿಂದ ಎದ್ದಳು. "ಅದೆಲ್ಲಾ ಬ್ಯಾಡ್ರಿ. ಯಾಕಂತ ನಾ ಕೇಳಂಗಿಲ್ಲ. ಬರ್ತೀರೋ ಇಲ್ಲೋ, ಅಷ್ಟ ಹೇಳ್ರಿ." ಗೋಡೆಗೆ ಒರಗಿ ನಿಂತಳು. "ಹಂಗಂದ್ರ ಏನು? ಬಾಯಿಬಿಟ್ಟು ಹೇಳ್ರಿ. ನಾ ಅಳಂಗಿಲ್ಲ."

ಕೊನೆಗೆ "ಆತು" ಅಂದಳು. ಫೋನು ನನ್ನ ಕೈಗೆ ವಾಪಸ್ಸು ಕೊಟ್ಟಳು. ಕಿವಿಗೆ ಇಟ್ಟುಕೊಂಡೆ, ಅಷ್ಟರಲ್ಲಿ ಕಟ್ಟಾಗಿತ್ತು. ಮಾರನೆಯ ದಿನ ಆ ನಂಬರಿಗೆ ಮಾಡಿದಾಗ, ಅದು ಪುಣೆಯ ಒಂದು ಹೋಟೆಲಿನದು, ಅಲ್ಲಿ ಸಂಜೆ ಗಿಟಾರ್ ನುಡಿಸುತ್ತಿದ್ದವನು ಕೆಲಸ ಬಿಟ್ಟುಹೋದ ಅಂದರು. ಇವತ್ತಿನವರೆಗೆ ನಾನು ನನ್ನ ಮಗನ ಧ್ವನಿಯನ್ನು ಮತ್ತೆ ಕೇಳಿಲ್ಲ.

ಆದರೆ ಅದು ಆಮೇಲಿನ ಮಾತು. ಅವತ್ತು ಆದ್ಯಾ ಕೈಯಲ್ಲಿದ್ದ ಗೊಂಬೆ ಕೆಳಗಿಟ್ಟು ಅಮ್ಮನ ಹತ್ತಿರ ಬಂದಳು.

"ಯಾರಮ್ಮಾ, ಅಪ್ಪನಾ?"

"ಹೌದು ಪುಟ್ಟಾ."

"ಶೋ ಮುಗೀತಾ? ಯಾವಾಗ ಬರ್ತಾರೆ?"

ವಸುಧಾ ನನ್ನ ಕಡೆ ನೋಡಿದಳು. ಹೇಳು ಅಂತ ನಾನು ತಲೆಯಾಡಿಸಿದೆ. ಅವಳು ಮಗುವಿನ ಎದುರಿಗೆ ಕುಕ್ಕರಗಾಲಲ್ಲಿ ಕೂತು ಅದರ ಎರಡೂ ಕೈ ಹಿಡಿದುಕೊಂಡಳು.

"ಅಪ್ಪ ಬರಲ್ಲ ಪುಟ್ಟಾ. ಇನ್ನು ಬರಲ್ಲ ಅಂತ ಹೇಳಿದ್ರು."

ಮಗು ಒಂದು ಕ್ಷಣ ನಮ್ಮಿಬ್ಬರ ಮುಖವನ್ನೂ ನೋಡಿತು. ಆಮೇಲೆ ಬಾಯಿ ತೆರೆದು ದೊಡ್ಡದಾಗಿ ಅಳಲು ಶುರುಮಾಡಿತು. ಕಿಟಕಿಗಳೆಲ್ಲ ತೆರೆದಿದ್ದವು, ಶಾರದಮ್ಮ ಆ ಕಡೆಯಿಂದ ಏನಾಯ್ತು ಅಂತ ಕೂಗಿ ಕೇಳಿದರು. ಸುಮ್ಮನಿರು ಅಂತ ನಾವಿಬ್ಬರೂ ಹೇಳಲಿಲ್ಲ. ವಸುಧಾ ಅವಳನ್ನು ತೊಡೆಯ ಮೇಲೆ ಎಳೆದುಕೊಂಡಳು, ನಾನೂ ಹೋಗಿ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಮಗುವಿನ ಅಳು ನಿಲ್ಲುವವರೆಗೂ ಮೂವರೂ ಅಲ್ಲೇ ಕೂತಿದ್ದೆವು.